ಮರೆತವರ ಸಾಕ್ಷಿ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯು ಕನ್ನಡಿಗರ ಬಾಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ನಗೆಯಾಡುವುದಕ್ಕೆಂದು ಹುಟ್ಟಿದ ಮಾತು ಅದು. ಆದರೆ ಅದರಿಂದಾದ ಹಾನಿಯು ಅಲ್ಪವಲ್ಲ. ವಯಸ್ಸಾದವರು ಮರೆಯುವುದು ಸಹಜವೆಂದು ನಂಬಿದ ಮನೆಯವರು, ಮರೆವು ರೋಗರೂಪದಿಂದ ಹೆತ್ತವರನ್ನು ಹೊಕ್ಕಾಗಲೂ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ. ಜರ್ಮನಿಯ ವೈದ್ಯನಾದ ಆಲೋಯಿಸ್ ಆಲ್‌ಝೈಮರನು 1906ರಲ್ಲಿ ಈ ರೋಗವನ್ನು ವೈದ್ಯಲೋಕದ ಮುಂದಿರಿಸಿದಾಗ ಅದಕ್ಕೆ ಆಧಾರವಾದವಳು, 1901ರಲ್ಲಿ ತನ್ನ 51ನೆಯ ವಯಸ್ಸಿಗೇ ಫ್ರಾಂಕ್‌ಫರ್ಟಿನ ಆಸ್ಪತ್ರೆಯನ್ನು ಸೇರಿದ್ದ ಒಬ್ಬ ಹೆಣ್ಣುಮಗಳು. ಅವಳ ಮರೆವು ಮುಪ್ಪಿನ ಮರೆವಾಗಿರಲಿಲ್ಲ. ಮಿದುಳೇ ಕ್ಷಯಿಸುತ್ತ ಬಂದುದರ ಫಲವಾಗಿತ್ತು. ಡಿಮೆನ್ಷಿಯಾ ಎಂದು ವೈದ್ಯರು ಕರೆಯುವ ಈ ರೋಗಸಮೂಹದಲ್ಲಿ ಆಲ್‌ಝೈಮರನ ಹೆಸರಿನದೇ ಹೆಚ್ಚು ಕಂಡುಬರುವ ಬಗೆ.

ಕೇರಳದಲ್ಲಿ 1992ರಲ್ಲಿ ಸ್ಥಾಪಿತವಾದ ಭಾರತೀಯ ಆಲ್‌ಝೈಮರ್ ಸಂಘವು 2010ರ ತನ್ನ ವರದಿಯಲ್ಲಿ ಈ ದೇಶದ ಇಂಥ ರೋಗಿಗಳ ಸಂಖ್ಯೆಯನ್ನು 37 ಲಕ್ಷವೆಂದು ಅಂದಾಜು ಮಾಡಿತ್ತು. 2023ರಲ್ಲಿ ಪ್ರಕಟವಾದ ಮತ್ತೊಂದು ವಿಸ್ತಾರವಾದ ಸಮೀಕ್ಷೆಯು ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿ, ಎಂದರೆ ಸುಮಾರು 88 ಲಕ್ಷ ಜನ, ಈ ಸ್ಥಿತಿಯಲ್ಲಿರುವರೆಂದು ಹೇಳಿತು. ಅವಿಭಕ್ತ ಕುಟುಂಬಗಳು ಒಡೆದಿವೆ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಎಂದು ಚದುರಿದ್ದಾರೆ. ಸೊಸೆಯೂ ಉದ್ಯೋಗಕ್ಕೆ ಹೋಗುತ್ತಾಳೆ. ಇಂಥ ಕಾಲದಲ್ಲಿ ಮರೆವಿನ ರೋಗಿಗಳಿಗೆಂದೇ ಆರೈಕೆಯ ಮನೆಗಳು ದೊಡ್ಡ ಊರುಗಳಲ್ಲಿ ಹುಟ್ಟಿಕೊಂಡುದು ಆಶ್ಚರ್ಯವಲ್ಲ. ಹೆತ್ತವರನ್ನು ಅಲ್ಲಿ ಬಿಡುವುದು ಧರ್ಮವೇ ಅಧರ್ಮವೇ ಎಂಬ ಚರ್ಚೆಯು ಬಂಧುಬಳಗದಲ್ಲಿ ಬೇಕಾದಷ್ಟು ನಡೆಯುತ್ತದೆ. ಆದರೆ ಬಿಡಬೇಕಾಗಿ ಬಂದಾಗ ಒಳ್ಳೆಯ ಮನೆ ಯಾವುದು, ಕೆಟ್ಟ ಮನೆ ಯಾವುದು ಎಂದು ಅರಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೈಗೆತ್ತಿಕೊಂಡಂತೆ ಕಾಣುವುದಿಲ್ಲ. ಮೇಲುನೋಟಕ್ಕೆ ಇದು ವ್ಯವಹಾರದ ಪ್ರಶ್ನೆ. ವಿಚಾರಿಸಿ ನೋಡಿದರೆ ಇದಕ್ಕಿಂತ ಗಹನವಾದ ನೈತಿಕ ಪ್ರಶ್ನೆಯು ಗೃಹಸ್ಥನ ಪಾಲಿಗೆ ಹೆಚ್ಚಿಲ್ಲ.

ಒಂದು ದೃಷ್ಟಾಂತವನ್ನು ಎತ್ತಿಕೊಳ್ಳಬಹುದು. ಗದಗಿನ ಕಡೆಯ ಒಬ್ಬ ತಾಯಿ. ವಯಸ್ಸು ಎಪ್ಪತ್ತೈದರ ಮೇಲೆ. ಆಯುಷ್ಯವೆಲ್ಲ ಒಕ್ಕಲುತನದ ಮನೆಯನ್ನು ತೂಗಿಸಿದವಳು. ಈಗ ಒಲೆ ಹೊತ್ತಿಸಿ ಮರೆಯುತ್ತಾಳೆ. ನಡುರಾತ್ರಿಯಲ್ಲಿ ಎದ್ದು ತವರಿಗೆ ಹೋಗಬೇಕೆಂದು ಬಾಗಿಲು ಬಡಿಯುತ್ತಾಳೆ. ಮಗನನ್ನು ಕಂಡು ಒಮ್ಮೆ ಅಣ್ಣನೆನ್ನುತ್ತಾಳೆ, ಒಮ್ಮೆ ಕಳ್ಳನೆನ್ನುತ್ತಾಳೆ. ಮಗನಿಗೆ ಬೆಂಗಳೂರಿನಲ್ಲಿ ನೌಕರಿ. ಅವನ ಹೆಂಡತಿಯು ಆರು ತಿಂಗಳಿಂದ ಒಂದು ರಾತ್ರಿಯೂ ನೆಟ್ಟಗೆ ನಿದ್ರೆ ಮಾಡಿಲ್ಲ. ಕೊನೆಗೆ ಅವರು ಮನಸ್ಸನ್ನು ಕಲ್ಲು ಮಾಡಿಕೊಂಡು ಆರೈಕೆಯ ಮನೆಯೊಂದನ್ನು ನೋಡಲು ಹೊರಡುತ್ತಾರೆ.

ಅಲ್ಲಿ ಅವರು ನೋಡುವುದೇನು? ಹೊಳೆಯುವ ನೆಲ, ಮೀನಿನ ಗಾಜಿನ ಪೆಟ್ಟಿಗೆ, ಗೋಡೆಯ ಮೇಲಿನ ದೊಡ್ಡ ಟಿ.ವಿ., ನಗುಮುಖದಿಂದ ಮಾತಾಡುವ ವ್ಯವಸ್ಥಾಪಕಿ, ಬಣ್ಣದ ಮುದ್ರಿತ ಪತ್ರಿಕೆ. ಇವೆಲ್ಲ ಇರಬಾರದೆಂದಲ್ಲ. ಆದರೆ ಇವು ಯಾರ ಕಣ್ಣಿಗಾಗಿ ಏರ್ಪಟ್ಟವುಗಳು? ಮೀನಿನ ಪೆಟ್ಟಿಗೆಯು ತಾಯಿಗೆ ಬೇಕಾದುದಲ್ಲ. ಹೊಳೆಯುವ ನೆಲವಂತೂ ಆಕೆಗೆ ಅಪಾಯವೇ ಸರಿ. ಈ ರೋಗದಲ್ಲಿ ನೋಟವು ಮೋಸಹೋಗುವುದರಿಂದ ಮಿರುಗುವ ನೆಲವು ನೀರಿನಂತೆ ಕಂಡು ಕಾಲಿಡಲು ಅಂಜುವವರುಂಟು. ಹಾಗಾದರೆ ಆ ಹೊಳಪು ಮಗನಿಗಾಗಿ. ಅವನ ಮನಸ್ಸಿನೊಳಗೆ ಒಂದು ಮುಳ್ಳು ಚುಚ್ಚುತ್ತಿದೆ. ಅವ್ವನನ್ನು ಬಿಟ್ಟುಬರುತ್ತಿದ್ದೇನೆ ಎಂಬ ಆ ನೋವನ್ನು ಶಮನಗೊಳಿಸುವಂಥದು ಅವನಿಗೆ ಬೇಕಾಗಿದೆ. ತಾನು ಆರೈಕೆಯ ಮನೆಯನ್ನು ಪರೀಕ್ಷಿಸುತ್ತಿರುವೆನೆಂದು ಅವನು ತಿಳಿದಿದ್ದಾನೆ. ವಸ್ತುತಃ ತನ್ನ ಅಂತಃಕರಣಕ್ಕೆ ಸಮಾಧಾನವನ್ನು ಕೊಳ್ಳುತ್ತಿದ್ದಾನೆ. ಹೆಚ್ಚು ಹಣ ತೆತ್ತಷ್ಟೂ ಸಮಾಧಾನವು ಹೆಚ್ಚುವುದೆಂಬ ಭ್ರಮೆಯೂ ಇದರಿಂದಲೇ ಹುಟ್ಟುತ್ತದೆ.

ಲೋಕದ ಇತರ ಕೆಲಸಗಳಲ್ಲಿ ಸೇವೆಯನ್ನು ಪಡೆದವನೇ ಸಾಕ್ಷಿ. ಚಪ್ಪಲಿ ಕಚ್ಚಿದರೆ ತೊಟ್ಟವನು ಹೇಳುತ್ತಾನೆ. ಅಡುಗೆ ಕೆಟ್ಟರೆ ಉಂಡವನು ಹೇಳುತ್ತಾನೆ. ಇಲ್ಲಿಯಾದರೋ ಉಂಡವಳಿಗೆ ಉಂಡುದೇ ನೆನಪಿಲ್ಲ. ಬೆಳಗಿನಲ್ಲಿ ಒಬ್ಬಳು ಗದರಿಸಿ ರಟ್ಟೆ ಹಿಡಿದೆಳೆದು ಸ್ನಾನ ಮಾಡಿಸಿದರೆ ಮಧ್ಯಾಹ್ನಕ್ಕೆ ಆ ಸಂಗತಿಯು ಅಳಿಸಿಹೋಗಿರುತ್ತದೆ. ಇನ್ನೊಬ್ಬಳು ಬೆಚ್ಚನೆಯ ನೀರನ್ನು ಮೊದಲು ಅಂಗೈಗೆ ಹಾಕಿ ತೋರಿಸಿ, ಮೈಮೇಲೆ ಟವೆಲು ಹೊದಿಸಿಕೊಂಡೇ ನೀರು ಹಾಕಿದರೆ ಅದೂ ಅಳಿಸಿಹೋಗುತ್ತದೆ. ಹೊಗಳಿಕೆಯಿಲ್ಲ, ದೂರಿಲ್ಲ. ಮೇಲಧಿಕಾರಿಗಳು ಸ್ನಾನದ ಕೋಣೆಯಲ್ಲಿ ನಿಂತಿರುವುದಿಲ್ಲ. ಆದುದರಿಂದ ಇಂಥ ಮನೆಯಲ್ಲಿ ಕೆಲಸ ಮಾಡುವವಳ ಮುಂದೆ ದಿನವೂ ಒಂದು ಮಾತು ಬಂದು ನಿಲ್ಲುತ್ತದೆ: ಇವಳಿಗೆ ಹೇಗೂ ನೆನಪಿರುವುದಿಲ್ಲ, ಮಾಡಿದರೇನು, ಬಿಟ್ಟರೇನು? ಕೆಟ್ಟ ಆರೈಕೆಯೆಲ್ಲದರ ಬೇರೂ ಈ ಒಂದು ವಾಕ್ಯದಲ್ಲಿದೆ ಎಂದರೆ ತಪ್ಪಾಗಲಾರದು.

ಈ ವಾಕ್ಯವು ನಿಜವೇ? ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು ಇದಕ್ಕೆ ಉತ್ತರ ಕೊಡುತ್ತದೆ. ಅವರು ಆಲ್‌ಝೈಮರ್ ರೋಗಿಗಳಿಗೆ ದುಃಖದ ಚಲಚ್ಚಿತ್ರದ ತುಣುಕುಗಳನ್ನೂ ಸಂತೋಷದ ತುಣುಕುಗಳನ್ನೂ ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ರೋಗಿಗಳಿಗೆ ತಾವು ಕಂಡುದು ಏನೆಂಬುದು ಬಹುಮಟ್ಟಿಗೆ ಮರೆತುಹೋಯಿತು. ಆದರೆ ಕಂಡುದರಿಂದ ಉಂಟಾದ ಭಾವವು ಹೋಗಲಿಲ್ಲ. ಅಷ್ಟೇ ಅಲ್ಲ, ದುಃಖದ ಚಿತ್ರವನ್ನು ಎಷ್ಟು ಹೆಚ್ಚು ಮರೆತಿದ್ದರೋ ದುಃಖವು ಅಷ್ಟು ಹೆಚ್ಚು ಕಾಲ ಅವರಲ್ಲಿ ನಿಂತಿತ್ತು. ಕಾರಣವು ತಿಳಿದವನು ದುಃಖದೊಡನೆ ವಾದಿಸಿ ಅದನ್ನು ಕಳುಹಿಸಬಲ್ಲನು. ಕಾರಣವೇ ತಿಳಿಯದವನ ದುಃಖಕ್ಕೆ ಹೊರಹೋಗಲು ಬಾಗಿಲಿಲ್ಲ ಎಂದು ಇದನ್ನು ಅರ್ಥ ಮಾಡಬಹುದು. ಹಾಗಾದರೆ ಬೆಳಗಿನ ಗದರಿಕೆಯು ಮರೆತುಹೋಯಿತೆಂಬುದು ಅರ್ಧಸತ್ಯ. ಗದರಿದ ಮುಖವು ಮರೆಯಿತು. ನಡುಕವು ಮೈಯಲ್ಲಿ ಉಳಿಯಿತು.

ಇದರಿಂದ ಮಗನಿಗೆ ಸಾಕ್ಷಿಯು ದೊರೆಯಿತು. ಬಾಯಿಯಲ್ಲ, ಮೈ. ತಾಯಿಯನ್ನು ಅಲ್ಲಿಟ್ಟ ಮೇಲೆ ಅವನು ನೋಡಬೇಕಾದುದು ಇಷ್ಟು: ಆರೈಕೆಯವಳು ಹತ್ತಿರ ಬಂದು ಕೈಚಾಚಿದಾಗ ತಾಯಿಯ ಭುಜವು ಹಿಂದೆ ಸರಿಯುತ್ತದೆಯೋ, ಮುಂದಕ್ಕೆ ವಾಲುತ್ತದೆಯೋ? ಕೈಕಾಲುಗಳ ಉಗುರು ತೆಗೆದಿದೆಯೇ, ಬಾಯಿ ತೊಳೆದಿದೆಯೇ? ಕನ್ನಡಕವು ಆಕೆಯದೇಯೋ, ಪಕ್ಕದ ಹಾಸಿಗೆಯವರದೋ? ಹಿಮ್ಮಡಿ ಮತ್ತು ನಡುವಿನ ಕೆಳಭಾಗದಲ್ಲಿ ಚರ್ಮವು ಕೆಂಪೇರಿದೆಯೇ? ಮಗ್ಗುಲಾಗಲಾರದವರನ್ನು ಎರಡು ಗಂಟೆಗೊಮ್ಮೆ ಹೊರಳಿಸುವುದು ಆರೈಕೆಯ ರೂಢಿ. ಅದು ತಪ್ಪಿದಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡುವರೋ ಇಲ್ಲವೋ ಎಂಬುದನ್ನು ಕೇಳಬೇಕು. ಅನ್ನವನ್ನು ಮುಂದಿಟ್ಟು ಹೋಗುವುದು ಬೇರೆ, ಉಣ್ಣಿಸುವುದು ಬೇರೆ. ತಟ್ಟೆಯಲ್ಲಿರುವುದು ಅನ್ನವೆಂಬುದನ್ನೇ ಮರೆತವರ ಮುಂದೆ ತಟ್ಟೆಯಿಟ್ಟು ಅರ್ಧ ಗಂಟೆಯಾದ ಮೇಲೆ ಒಯ್ದರೆ ಲೆಕ್ಕದ ಪುಸ್ತಕದಲ್ಲಿ ಊಟವಾಯಿತು, ಹೊಟ್ಟೆಯಲ್ಲಿ ಆಗಲಿಲ್ಲ. ಇದನ್ನು ತಕ್ಕಡಿಯು ಹೇಳುತ್ತದೆ.

ಬಾಯಿಯ ಮಾತನ್ನು ಪೂರ್ತಿ ಬಿಟ್ಟುಬಿಡಬೇಕೆಂದೂ ಅಲ್ಲ. ಮಗನು ಹೋದಾಗ ತಾಯಿಯು, "ನನಗ ಯಾರೂ ಕೂಳು ಹಾಕಿಲ್ಲೋ ಯಪ್ಪಾ" ಎನ್ನುತ್ತಾಳೆ. ಆಗತಾನೇ ಉಂಡೆದ್ದವಳು ಹೀಗೆನ್ನುವುದು ರೋಗದ ಸ್ವಭಾವ. ಒಮ್ಮೆ ನಂಬಿ ಜಗಳ ಮಾಡಿ ತಲೆತಗ್ಗಿಸಿದ ಮಗನು ಮುಂದೆ ಆಕೆಯ ಯಾವ ಮಾತನ್ನೂ ನಂಬುವುದಿಲ್ಲ. ಇನ್ನೊಂದು ದಿನ ಆಕೆ, "ಆಕಿ ನನ್ನ ಹೊಡೀತಾಳ" ಎಂದಾಗಲೂ ರೋಗದ ಮಾತೆಂದು ನಕ್ಕು ತಲೆ ಸವರುತ್ತಾನೆ. ಇವೆರಡೂ ತಪ್ಪು. ಮರೆವಿನವರ ಮಾತು ಸುಳ್ಳೂ ಅಲ್ಲ, ಪ್ರಮಾಣವೂ ಅಲ್ಲ. ಅದು ವಿಚಾರಣೆಯನ್ನು ಬೇಡುವ ಮಾತು. ತೋಳಿನ ಮೇಲೆ ಬೆರಳಿನ ಗುರುತುಂಟೇ ಎಂದು ನೋಡುವುದಕ್ಕೆ ಎಷ್ಟು ಹೊತ್ತು ಬೇಕು? ಆರೈಕೆಯ ಮನೆಯವರೂ ಅಂಥ ಮಾತಿಗೆ ಹೇಗೆ ಉತ್ತರಿಸುವರೆಂಬುದು ಒಂದು ಒರೆಗಲ್ಲು. "ಅವರು ಹಾಗೇ ಏನಾದರೂ ಹೇಳ್ತಾರೆ ಬಿಡಿ ಸಾರ್" ಎಂದು ತಾಯಿಯ ಎದುರಿಗೇ, ಆಕೆ ಅಲ್ಲಿಲ್ಲವೆಂಬಂತೆ ನುಡಿಯುವ ಮನೆಯನ್ನು ಸಂಶಯದಿಂದ ಕಾಣುವುದೇ ಯುಕ್ತ.

ಬೀಳುವ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಏಕೆಂದರೆ ಮನೆಯವರು ಮೊಟ್ಟಮೊದಲು ಕೇಳುವ ಪ್ರಶ್ನೆಯೇ ಇದು: ಇಲ್ಲಿ ಯಾರಾದರೂ ಬೀಳುತ್ತಾರೆಯೇ? ನಡೆದಾಡುವ ಮುದುಕರು ಎಷ್ಟೇ ಎಚ್ಚರವಿದ್ದರೂ ಒಮ್ಮೊಮ್ಮೆ ಬೀಳುತ್ತಾರೆ. ನಮ್ಮಲ್ಲಿ ಯಾರೂ ಬೀಳುವುದೇ ಇಲ್ಲ ಎಂದು ಹೇಳುವ ಮನೆಯು ಒಂದೋ ಸುಳ್ಳಾಡುತ್ತಿದೆ, ಇಲ್ಲವೇ ಕುರ್ಚಿಗೆ ಸೀರೆಯಿಂದಲೋ ಪಟ್ಟಿಯಿಂದಲೋ ಕಟ್ಟಿಹಾಕುತ್ತಿದೆ. ಕಟ್ಟುವುದಕ್ಕೆ ಹಗ್ಗವೇ ಬೇಕೆಂದಿಲ್ಲ, ಗುಳಿಗೆಯಿಂದಲೂ ಕಟ್ಟಬಹುದು. ಮನೋವಿಕಾರಕ್ಕೆ ಕೊಡುವ ಕೆಲವು ಔಷಧಗಳನ್ನು ಡಿಮೆನ್ಷಿಯಾ ಇರುವ ವೃದ್ಧರಿಗೆ ಕೊಟ್ಟರೆ ಸಾವಿನ ಸಂಭವವು ಹೆಚ್ಚುವುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2005ರಲ್ಲಿ ಎಚ್ಚರಿಕೆ ಕೊಟ್ಟಿತು. 2008ರಲ್ಲಿ ಆ ಎಚ್ಚರಿಕೆಯನ್ನು ಅದೇ ವರ್ಗದ ಹಳೆಯ ಔಷಧಗಳಿಗೂ ವಿಸ್ತರಿಸಿತು. ಅವು ಎಂದೂ ಬೇಡವೆಂದಲ್ಲ. ರೋಗಿಯ ಭಯಕ್ಕಾಗಿ ವೈದ್ಯನು ಅಳೆದು ಕೆಲವು ವಾರ ಕೊಡುವುದುಂಟು. ಆರೈಕೆಯವರ ಅನುಕೂಲಕ್ಕಾಗಿ ಕೊಡುವುದೇ ದೋಷ. ಹಗಲು ಹನ್ನೊಂದು ಗಂಟೆಗೆ ಹಜಾರದಲ್ಲಿ ಸಾಲಾಗಿ ಕುಳಿತವರೆಲ್ಲ ಗದ್ದವನ್ನು ಎದೆಗಿಟ್ಟು ತೂಕಡಿಸುತ್ತಿದ್ದರೆ ಆ ಶಾಂತಿಯನ್ನು ನೋಡಿ ಮೆಚ್ಚಬಾರದು. ಅದಕ್ಕಿಂತ, ಒಬ್ಬ ಮುದುಕನು ಎದ್ದು ಅಡ್ಡಾಡುತ್ತಿರುವ, ಒಬ್ಬಾಕೆ ಬಟ್ಟೆ ಮಡಚಿ ಬಿಚ್ಚಿ ಮತ್ತೆ ಮಡಚುತ್ತಿರುವ, ಕೊಂಚ ಗದ್ದಲದ ಮನೆಯು ಮೇಲು. ತಾಯಿಯು ಬಿದ್ದ ದಿನವೇ ಫೋನು ಮಾಡಿ, ಎಲ್ಲಿ ಬಿದ್ದರು, ಆಗ ಯಾರು ಹತ್ತಿರವಿದ್ದರು, ಮುಂದೇನು ಮಾಡಲಾಗಿದೆ ಎಂದು ತಿಳಿಸುವ ಮನೆಯನ್ನು ಬೈಯುವ ಮಗನು ತನಗರಿವಿಲ್ಲದೆಯೇ ಆ ಮನೆಗೆ ಸುಳ್ಳನ್ನು ಕಲಿಸುತ್ತಾನೆ.

ನೋಡಲು ಹೋಗುವ ಹೊತ್ತೂ ಮುಖ್ಯ. ಹೇಳಿ ಹೋದ ಭಾನುವಾರದ ಬೆಳಿಗ್ಗೆ ಎಲ್ಲ ಮನೆಗಳೂ ಒಳ್ಳೆಯವೇ. ಹೊತ್ತು ಮುಳುಗುವಾಗ ಈ ರೋಗಿಗಳಲ್ಲಿ ಅನೇಕರಿಗೆ ತಳಮಳವು ಹೆಚ್ಚುತ್ತದೆ. ಊರಿಗೆ ಹೋಗಬೇಕು, ಹಸುಗಳು ಕಾದಿವೆ, ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತು ಎಂದು ಎದ್ದು ನಿಲ್ಲುತ್ತಾರೆ. ಅದೇ ಹೊತ್ತಿಗೆ ಹಗಲಿನ ಪಾಳಿಯವರು ಹೊರಟು ರಾತ್ರಿಯವರು ಬರುತ್ತಿರುತ್ತಾರೆ. ಆ ದೀಪ ಹಚ್ಚುವ ಸಮಯದಲ್ಲಿ ಅರ್ಧ ಗಂಟೆ ಮೂಲೆಯಲ್ಲಿ ಕುಳಿತರೆ ಮನೆಯ ಒಳಗುಟ್ಟು ತಿಳಿಯುತ್ತದೆ. "ಹಸು ಎಷ್ಟು ಹಾಲು ಕೊಡ್ತಿತ್ತಜ್ಜೀ?" ಎಂದು ಕೇಳಿ ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆಯುವವರಿದ್ದಾರೋ, ಕೂತ್ಕೋ ಎಂದು ಭುಜವನ್ನು ಒತ್ತುವವರಿದ್ದಾರೋ? ರಾತ್ರಿ ಎಷ್ಟು ಮಂದಿಗೆ ಎಷ್ಟು ಜನ ಎಚ್ಚರವಿರುತ್ತಾರೆ? ಅವರಲ್ಲಿ ಒಬ್ಬರಿಗಾದರೂ ಕನ್ನಡ ಬರುತ್ತದೆಯೇ? ಹಿಂದೆ ಕಲಿತಿದ್ದ ಎರಡನೆಯ ಭಾಷೆಯು ಜಾರಿ ತೊಟ್ಟಿಲ ಭಾಷೆಯೊಂದೇ ಕೊನೆಗೆ ಉಳಿಯುವುದುಂಟು. ಬಾಯಾರಿಕೆಯನ್ನು ನೀರಡಿಕೆ ಎನ್ನುವ ತಾಯಿಯ ಆ ಶಬ್ದವನ್ನು ಅರಿಯುವವರು ಇಲ್ಲದಿದ್ದರೆ ಆಕೆಗೆ ನೀರು ಸಿಗುವುದು ಹೇಗೆ?

ಆರೈಕೆ ಮಾಡುವವರ ಸಂಬಳದ ಮಾತನ್ನು ಮನೆಯವರು ಎತ್ತುವುದೇ ಇಲ್ಲ. ಅಮೆರಿಕದಲ್ಲಿ 2008ರಿಂದ ನರ್ಸಿಂಗ್ ಹೋಮುಗಳಿಗೆ ಸರಕಾರವು ಒಂದರಿಂದ ಐದು ನಕ್ಷತ್ರಗಳ ಶ್ರೇಣಿಯನ್ನು ಕೊಡುತ್ತಿದೆ. ಅಲ್ಲಿ ಎಷ್ಟು ಜನ ಕೆಲಸದಲ್ಲಿದ್ದಾರೆಂಬ ಲೆಕ್ಕವನ್ನು ಮೊದಮೊದಲು ಆ ಮನೆಗಳೇ ಬರೆದುಕೊಡುತ್ತಿದ್ದವು. 2018ರಿಂದ ಸಂಬಳದ ದಾಖಲೆಯನ್ನು ನೋಡಿ ಶ್ರೇಣಿ ಕಟ್ಟುವ ಪದ್ಧತಿ ಬಂದಿತು. ಭಾರತದಲ್ಲಿ ಮರೆವಿನ ಆರೈಕೆಯ ಮನೆಗಳಿಗೆ ಅಂಥ ಸಾರ್ವಜನಿಕ ಶ್ರೇಣಿಯಿಲ್ಲ. ಯಾವ ಕಾಯಿದೆಯಡಿ ನೋಂದಣಿಯಾಗಿದೆ, ವೈದ್ಯರು ವಾರಕ್ಕೆಷ್ಟು ಸಲ ಬರುವರು ಎಂದು ಮನೆಯವರೇ ಕೇಳಿ ಕಾಗದವನ್ನು ನೋಡಬೇಕು. ಆದರೆ ಆ ಸಂಬಳದ ಪುಸ್ತಕದ ಸೂಕ್ಷ್ಮವು ಎಲ್ಲಿಯೂ ಸಲ್ಲುವಂಥದು. ಇಲ್ಲಿರುವ ಆಯಾಗಳು ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿದರೆ ಸಾಕು. ಎರಡು ತಿಂಗಳಿಗೊಮ್ಮೆ ಜನ ಬದಲಾಗುವಲ್ಲಿ ತಾಯಿಯ ನೀರಡಿಕೆಯನ್ನು ಅರಿಯುವವರು ಯಾರು? ತಿಂಗಳ ಶುಲ್ಕದಲ್ಲಿ ಸಾವಿರ ರೂಪಾಯಿಗಾಗಿ ಚೌಕಾಸಿ ಮಾಡಿ, ಹನ್ನೆರಡು ತಾಸು ದುಡಿಯುವ ಹುಡುಗಿಯಿಂದ ಶರಣರ ಸೇವಾಭಾವವನ್ನು ನಿರೀಕ್ಷಿಸುವುದು ಕಾಯಕವೆಂಬ ಶಬ್ದವನ್ನು ಅಗ್ಗಮಾಡಿದಂತೆ. ಕಾಯಕವು ಪವಿತ್ರವೆಂದ ಶರಣರು ಅದಕ್ಕೆ ಕೂಲಿ ಬೇಡವೆಂದು ಹೇಳಲಿಲ್ಲ.

ಇಷ್ಟೆಲ್ಲ ಒರೆಗಲ್ಲುಗಳನ್ನು ಹಿಡಿದು ಹೊರಟ ಗೃಹಸ್ಥನು ಅವುಗಳನ್ನು ಮೊದಲು ತನ್ನ ಮನೆಯ ಹೊಸಿಲ ಒಳಗೇ ತಿಕ್ಕಿ ನೋಡಬಹುದು. ಬಂಧುಗಳ ಮಾತಿಗಂಜಿ ತಂದೆಯನ್ನು ಮನೆಯಲ್ಲಿಯೇ ಇಟ್ಟುಕೊಂಡು, ಹೊರಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಹಗಲೆಲ್ಲ ಕೂಡಿಹಾಕಿರುವ ಮನೆಗಳು ಇಲ್ಲದಿಲ್ಲ. ಹೆತ್ತವರನ್ನು ತೊರೆದವರಿಗೆ ಮೂರು ತಿಂಗಳ ಸೆರೆ ಅಥವಾ ಐದು ಸಾವಿರ ರೂಪಾಯಿಗಳವರೆಗಿನ ದಂಡವೆಂದು 2007ರ ಹಿರಿಯ ನಾಗರಿಕರ ಕಾಯಿದೆಯು ಹೇಳುತ್ತದೆ. ಮನೆಯೊಳಗೇ ತೊರೆದವರನ್ನು ಯಾವ ಕಾಯಿದೆಯೂ ಸುಲಭವಾಗಿ ಹಿಡಿಯಲಾರದು.

ಶರಣರ ವಿಚಾರದಲ್ಲಿ ಅರಿವಿಗೆ ದೊಡ್ಡ ಸ್ಥಾನ, ಮರೆವು ಹೀನವೆನಿಸಿದುದು. ಇದನ್ನು ಕೇಳಿ ಬೆಳೆದ ಭಕ್ತರ ಮನಸ್ಸಿನಲ್ಲಿ ಒಂದು ಅಳುಕು ಇದ್ದೀತು: ಎಪ್ಪತ್ತು ವರ್ಷ ಶಿವಾಚಾರದಲ್ಲಿ ಬಾಳಿದ ತಾಯಿಯು ಈಗ ಎಲ್ಲವನ್ನೂ ಮರೆತಿರಲು ಆಕೆಯ ಅರಿವು ಎಲ್ಲಿ ಹೋಯಿತು? ಶರಣರು ನಿಂದಿಸಿದ ಮರೆವು ಅರಿಯಬಲ್ಲವನು ಅರಿಯದೆ ಹೋದ ಮರೆವು, ಕಣ್ಣಿದ್ದು ಮುಚ್ಚಿಕೊಂಡವನ ಕತ್ತಲೆ. ಕಣ್ಣೇ ಹೋದವನಿಗೆ ಆ ನಿಂದೆಯು ಸಲ್ಲುವುದಿಲ್ಲ. ಆದರೆ ಮಗನ ಮಾತು ಬೇರೆ. ಮೊದಲ ತಿಂಗಳು ಅವನು ವಾರಕ್ಕೆರಡು ಸಲ ತಾಯಿಯನ್ನು ನೋಡಲು ಹೋಗುತ್ತಾನೆ, ಆಮೇಲೆ ವಾರಕ್ಕೊಮ್ಮೆ, ವರ್ಷ ಕಳೆಯುವುದರೊಳಗೆ ತಿಂಗಳಿಗೊಮ್ಮೆ, ಅದೂ ಶುಲ್ಕ ಕಟ್ಟುವ ನೆಪದಿಂದ. ಯಾರಾದರೂ ಕೇಳಿದರೆ, "ಹೋದದ್ದೂ ಅವ್ವಗ ನೆನಪಿರೋದಿಲ್ಲ, ಹೋಗಿ ಏನು ಮಾಡೋದು?" ಎನ್ನುತ್ತಾನೆ. ಸ್ನಾನದ ಕೋಣೆಯಲ್ಲಿ ಒಳ್ಳೆಯವಳಲ್ಲದ ಆಯಾ ತನ್ನಷ್ಟಕ್ಕೆ ತಾನು ಹೇಳಿಕೊಂಡ ವಾಕ್ಯವೇ ಇದು. ಅವಳ ಬಾಯಲ್ಲಿ ಅದನ್ನು ಕೇಳಿದ್ದರೆ ಅವನು ಕೆಂಡವಾಗುತ್ತಿದ್ದನು.

ಹೋದುದು ನೆನಪಿರುವುದಿಲ್ಲ, ಹೋದುದರಿಂದಾದ ಹಿತವು ಸಂಜೆಯವರೆಗೆ ಇರುತ್ತದೆ. ಇದಲ್ಲದೆ ಇನ್ನೊಂದು ಪ್ರಯೋಜನವಿದೆ. ಯಾರನ್ನು ನೋಡಲು ಜನರು ಬರುತ್ತಾರೋ, ಯಾವ ಹೊತ್ತಿಗೆ ಬರುವರೆಂದು ತಿಳಿಯದೋ, ಅವರ ಹಾಸಿಗೆಯ ಬಟ್ಟೆಯು ಬೇಗ ಬದಲಾಗುತ್ತದೆ. ಇದು ಕಹಿಯಾದ ಮಾತಾದರೂ ನಿಜ. ಆದುದರಿಂದ ಊರ ಹೊರಗಿನ ತೋಟದ ನಡುವಣ ಸುಂದರವಾದ ಮನೆಗಿಂತ, ಮಗನ ಕಚೇರಿಯ ದಾರಿಯಲ್ಲಿರುವ ಸಾಧಾರಣ ಮನೆಯೇ ಅನೇಕ ಸಲ ಉತ್ತಮ. ನೆಂಟರ ಕಣ್ಣಿಗೆ ಬೀಳದಿರಲೆಂದು ದೂರದ ಮನೆಯನ್ನು ಆರಿಸುವವರೂ ಉಂಟು. ಆ ನಾಚಿಕೆಯ ಬೆಲೆಯನ್ನು ತೆರುವವಳು ತಾಯಿ.

ಲಿಂಗಧಾರಿಗಳ ಮನೆಯವರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯುಂಟು. ಕೊರಳಲ್ಲಿ ಯಾವ ದಾರವೂ ಇರಬಾರದು, ರಾತ್ರಿಯಲ್ಲಿ ಸುತ್ತಿಕೊಂಡೀತು ಎಂದು ಕೆಲವೆಡೆ ನಿಯಮ ಮಾಡುವುದುಂಟು. ನಿಯಮವು ಅರ್ಥವಿಲ್ಲದ್ದಲ್ಲ. ಹಾಗೆಂದು ಶಿವದಾರವನ್ನು ಬಿಚ್ಚಿ ಕರಡಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ, ಏನನ್ನು ಕಳೆದುಕೊಂಡೆನೆಂದು ಹೇಳಲಾರದ ತಾಯಿಯು ದಿನವೆಲ್ಲ ಎದೆಯ ಮೇಲೆ ಕೈಯಾಡಿಸುತ್ತ ಕುಳಿತಾಳು. ಮೆತ್ತನೆಯ ಬಟ್ಟೆಯಲ್ಲಿ ಕಟ್ಟಿ ಕುಪ್ಪಸದ ಒಳಗೆ ಒಂದು ಕಿಸೆ ಹೊಲಿಸಿದರೆ ಕೊರಳಿಗೆ ದಾರವಿಲ್ಲದೆಯೂ ಲಿಂಗವು ಅಂಗದ ಮೇಲಿರುತ್ತದೆ. ಮಗನು ಇದನ್ನು ಆಯಾಳಿಗೆ ಹೇಳಿಕೊಡಬೇಕು. ಹೇಳಿದುದನ್ನು ಅವಳು ಹೇಗೆ ಕೇಳುವಳೆಂದೂ ನೋಡಬೇಕು. ಅದು ಏನೆಂದು ಅವಳಿಗೆ ತಿಳಿಯದು. ಅವಳು ಬೇರೆ ನಾಡಿನವಳು, ಬೇರೆ ಮತದವಳು. ದೃಷ್ಟಾಂತದ ಆ ತಾಯಿಯ ಮಗನು ಮೂರು ತಿಂಗಳ ಮೇಲೆ ಒಂದು ಸಂಜೆ ಹೇಳದೆ ಬರುತ್ತಾನೆ. ಸ್ನಾನವಾಗಿದೆ, ಸೀರೆ ಬದಲಾಗಿದೆ, ಒಳಗಿನ ಕಿಸೆಯನ್ನು ಮುಟ್ಟಿ ನೋಡಿದರೆ ಕರಡಿಗೆ ಇದ್ದಲ್ಲಿಯೇ ಇದೆ. ಮರೆಯದೆ ಇಡುತ್ತೀಯೇನಮ್ಮಾ ಎಂದು ಅವನು ಕೇಳುತ್ತಾನೆ. ಹುಡುಗಿಯು ತನ್ನ ಹರಕು ಕನ್ನಡದಲ್ಲಿ, "ಅದು ಇಲ್ಲ ಅಂದ್ರೆ ಅಜ್ಜಿ ಊಟ ಮಾಡಲ್ಲ" ಎಂದು ಹೇಳಿ ತಟ್ಟೆ ತರಲು ಒಳಗೆ ಹೋಗುತ್ತಾಳೆ.